ಬಾಡಿಗೆಯಿಂದ ಬೆಳೆದ ದಾನ: ಜಾರ್ಜ್ ಪೀಬಡಿಯವರ ಜೀವನ

ದಾನ ಕೊಟ್ಟವರ ಹೆಸರು ಬರೆಸುವುದು ನಮ್ಮ ಕಡೆ ಹಳೆಯ ರೂಢಿ. ದೇವಸ್ಥಾನದ ಮೆಟ್ಟಿಲು, ಬಸ್ ನಿಲ್ದಾಣದ ಕಲ್ಲುಬೆಂಚು, ಶಾಲೆಯ ಗೋಡೆ ಗಡಿಯಾರ, ಸಭಾಂಗಣದ ಫ್ಯಾನಿನ ರೆಕ್ಕೆ, ಎಲ್ಲದರ ಮೇಲೂ ಒಂದು ಹೆಸರಿರುತ್ತದೆ. ಗಡಿಯಾರ ನಿಂತುಹೋದ ಮೇಲೂ ಹೆಸರು ಮಾತ್ರ ಉಳಿದಿರುತ್ತದೆ. ಇದರಲ್ಲಿ ತಪ್ಪೇನೂ ಇಲ್ಲ. ಕೊಡುವ ಮನಸ್ಸೇ ದೊಡ್ಡದು. ಆದರೆ ತಾವು ಕೊಟ್ಟ ಹಣ ತಮ್ಮ ಕಾಲ ಮುಗಿದ ಮೇಲೂ ದುಡಿಯುತ್ತಲೇ ಇರಬೇಕು ಎಂದು ಏರ್ಪಾಡು ಮಾಡಿ ಹೋದವರು ಬಹಳ ಕಡಿಮೆ.

ಅಂಥವರಲ್ಲಿ ಒಬ್ಬರು ಜಾರ್ಜ್ ಪೀಬಡಿ. ಹುಟ್ಟಿದ್ದು ಅಮೆರಿಕದಲ್ಲಿ, ಹೆಚ್ಚು ಕಾಲ ದುಡಿದದ್ದು ಲಂಡನ್ನಿನಲ್ಲಿ. ಆ ಮಹಾನಗರದ ಬಡವರಿಗೆ ಒಳ್ಳೆಯ ಮನೆಗಳಿರಬೇಕೆಂದು 1862ರಲ್ಲಿ ಅವರು ಸ್ಥಾಪಿಸಿದ ನಿಧಿ 160 ವರ್ಷಗಳ ನಂತರವೂ ಜೀವಂತವಾಗಿದೆ. ಐವತ್ತು ವರ್ಷ ತುಂಬಿದ ನಮ್ಮ ಶಾಲೆಯ ಈ ಸಂಚಿಕೆಯಲ್ಲಿ ಅವರ ಜೀವನವನ್ನು ನೆನೆಯುವುದು ಉಚಿತ ಎಂದು ನನ್ನ ಭಾವನೆ.

ಬಾಲ್ಯ ಮತ್ತು ಬಡತನ

ಪೀಬಡಿಯವರು ಹುಟ್ಟಿದ್ದು 1795ರ ಫೆಬ್ರವರಿ 18ರಂದು, ಮ್ಯಾಸಚೂಸೆಟ್ಸ್ ರಾಜ್ಯದ ಸೌತ್ ಡ್ಯಾನ್ವರ್ಸ್ ಎಂಬ ಊರಿನಲ್ಲಿ. ಮನೆಯಲ್ಲಿ ಮಕ್ಕಳು ಹೆಚ್ಚು, ಆದಾಯ ಕಡಿಮೆ. ಹುಡುಗನಿಗೆ ಸಿಕ್ಕ ಶಾಲಾ ಶಿಕ್ಷಣ ಕೆಲವೇ ವರ್ಷಗಳದ್ದು. ಹನ್ನೊಂದನೆಯ ವಯಸ್ಸಿಗೆ ಶಾಲೆ ಬಿಡಿಸಿ ಊರಿನ ಒಂದು ದಿನಸಿ ಅಂಗಡಿಯಲ್ಲಿ ಕೆಲಸಕ್ಕೆ ಇಟ್ಟರು. ನಮ್ಮ ಇಂದಿನ ಲೆಕ್ಕದಲ್ಲಿ ಅದು ಐದನೆಯ ಅಥವಾ ಆರನೆಯ ತರಗತಿಯ ವಯಸ್ಸು. ಅಂಗಡಿಯಲ್ಲಿ ಲೆಕ್ಕ ಬರೆಯುವುದು, ತೂಕ ಹಾಕುವುದು, ಗಿರಾಕಿಯ ಜೊತೆ ಮಾತಾಡುವುದು ಇವೇ ಅವರ ಪಾಠಗಳಾದವು.

1811ರಲ್ಲಿ ತಂದೆ ತೀರಿಕೊಂಡರು. ಬಿಟ್ಟುಹೋದದ್ದು ಸಾಲ. ಕುಟುಂಬದ ಮನೆಯೂ ಕೈತಪ್ಪಿತು. ಅದೇ ವರ್ಷ ಅಣ್ಣನ ಅಂಗಡಿಯಿದ್ದ ನ್ಯೂಬರಿಪೋರ್ಟ್ ಪಟ್ಟಣದಲ್ಲಿ ದೊಡ್ಡ ಬೆಂಕಿ ಬಿದ್ದು ವ್ಯಾಪಾರಕ್ಕೆ ದಾರಿಯಿಲ್ಲದಾಯಿತು. ಹದಿನೇಳರ ಹುಡುಗ ಚಿಕ್ಕಪ್ಪನೊಬ್ಬರ ಜೊತೆ ದಕ್ಷಿಣಕ್ಕೆ, ವಾಷಿಂಗ್ಟನ್ ಪಕ್ಕದ ಜಾರ್ಜ್‌ಟೌನಿಗೆ ಹೊರಟರು. ಅಲ್ಲಿ ದುಡಿದ ಹಣದಲ್ಲಿ ತಾಯಿಯನ್ನೂ ತಮ್ಮ ತಂಗಿಯರನ್ನೂ ಸಾಕಿದರು. ಕೆಲವೇ ವರ್ಷಗಳಲ್ಲಿ ಕೈತಪ್ಪಿದ್ದ ಮನೆಯನ್ನು ಬಿಡಿಸಿಕೊಂಡರು. ಒಡಹುಟ್ಟಿದವರನ್ನು, ಮುಂದೆ ಅವರ ಮಕ್ಕಳನ್ನು ಓದಿಸಿದರು. ಹಾಗೆ ಓದಿದ ತಂಗಿಯ ಮಗ ಆತ್ನಿಯಲ್ ಚಾರ್ಲ್ಸ್ ಮಾರ್ಷ್ ಯೇಲ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕನಾಗಿ, ಡೈನೋಸಾರ್ ಪಳೆಯುಳಿಕೆಗಳ ಸಂಶೋಧನೆಯಲ್ಲಿ ಪ್ರಸಿದ್ಧನಾದ. ತಾವು ಶಾಲೆ ಬಿಟ್ಟವರು ಎಂಬ ಕೊರಗು ಪೀಬಡಿಯವರಿಗೆ ಕೊನೆಯವರೆಗೂ ಇತ್ತು. ಮನೆ ಕಳೆದುಕೊಳ್ಳುವುದು ಎಂದರೇನು ಎಂಬುದೂ ಅವರಿಗೆ ಪುಸ್ತಕದಿಂದ ತಿಳಿದದ್ದಲ್ಲ. ಮುಂದೆ ಅವರು ಕೊಟ್ಟ ದಾನಗಳೆಲ್ಲ ಹೆಚ್ಚಾಗಿ ಈ ಎರಡರ ಸುತ್ತಲೇ ಇವೆ: ಓದು ಮತ್ತು ಮನೆ.

ಬಟ್ಟೆ ವ್ಯಾಪಾರದಿಂದ ಬ್ಯಾಂಕಿಗೆ

1812ರ ಯುದ್ಧದಲ್ಲಿ ಸ್ವಯಂಸೇವಕರಾಗಿ ಸ್ವಲ್ಪ ಕಾಲ ಇದ್ದಾಗ ಪೀಬಡಿಯವರಿಗೆ ಎಲೈಷಾ ರಿಗ್ಸ್ ಎಂಬ ವರ್ತಕರ ಪರಿಚಯವಾಯಿತು. ಇಬ್ಬರೂ ಸೇರಿ 1814ರಲ್ಲಿ ಬಟ್ಟೆಯ ಸಗಟು ವ್ಯಾಪಾರ ಶುರುಮಾಡಿದರು. ಬಂಡವಾಳ ರಿಗ್ಸ್ ಅವರದು, ಓಡಾಟ ಪೀಬಡಿಯವರದು. ಸ್ವಲ್ಪ ದಿನಗಳಲ್ಲೇ ವ್ಯಾಪಾರ ಬಾಲ್ಟಿಮೋರ್ ನಗರಕ್ಕೆ ಹೋಯಿತು. ಸರಕು ಕೊಳ್ಳಲು 1827ರಲ್ಲಿ ಮೊದಲ ಬಾರಿ ಇಂಗ್ಲೆಂಡಿಗೆ ಹೋದವರು 1837ರಲ್ಲಿ ಲಂಡನ್ನಿನಲ್ಲೇ ನೆಲೆಸಿದರು. ನಿಧಾನವಾಗಿ ಬಟ್ಟೆಯ ವ್ಯಾಪಾರ ಹಣದ ವ್ಯಾಪಾರವಾಯಿತು. ಅಮೆರಿಕದ ರಾಜ್ಯಗಳೂ ರೈಲ್ವೆ ಕಂಪನಿಗಳೂ ಹೊರಡಿಸಿದ ಸಾಲಪತ್ರಗಳನ್ನು ಇಂಗ್ಲೆಂಡಿನಲ್ಲಿ ಮಾರುವುದು ಅವರ ಮುಖ್ಯ ಕೆಲಸ.

ಈ ಕೆಲಸದಲ್ಲಿ ನಂಬಿಕೆಯೇ ಬಂಡವಾಳ. 1840ರ ದಶಕದಲ್ಲಿ ಮೇರಿಲ್ಯಾಂಡ್ ರಾಜ್ಯ ತನ್ನ ಸಾಲದ ಬಡ್ಡಿ ಕಟ್ಟುವುದನ್ನೇ ನಿಲ್ಲಿಸಿತು. ಆ ಪತ್ರಗಳನ್ನು ಲಂಡನ್ನಿನಲ್ಲಿ ಮಾರಿದವರು ಪೀಬಡಿಯವರು. ಹಣ ಹಾಕಿದವರ ಮುಂದೆ ತಲೆ ತಗ್ಗಿಸಬೇಕಾಗಿ ಬಂತು. ರಾಜ್ಯ ಬಡ್ಡಿ ಕಟ್ಟಲೇಬೇಕು ಎಂದು ಅವರು ವರ್ಷಗಟ್ಟಲೆ ಒತ್ತಾಯ ಮಾಡಿದರು. ಕೊನೆಗೆ ರಾಜ್ಯ ಒಪ್ಪಿತು. ತಮಗೆ ಬರಬೇಕಿದ್ದ 60,000 ಡಾಲರ್ ದಲ್ಲಾಳಿ ಹಣವನ್ನು ಮಾತ್ರ ಅವರು ಮುಟ್ಟಲಿಲ್ಲ.

ಇನ್ನೊಂದು ಪರೀಕ್ಷೆ ಬಂದದ್ದು 1857ರಲ್ಲಿ. ಆ ವರ್ಷ ಅಮೆರಿಕದಲ್ಲಿ ಬ್ಯಾಂಕುಗಳು ಸಾಲುಸಾಲಾಗಿ ಬಿದ್ದವು. ಪೀಬಡಿಯವರ ಕಂಪನಿಯೂ ಮುಳುಗುವ ಹಂತಕ್ಕೆ ಬಂತು. ಬ್ಯಾಂಕ್ ಆಫ್ ಇಂಗ್ಲೆಂಡ್ 8 ಲಕ್ಷ ಪೌಂಡಿನ ಸಾಲದ ಅನುಕೂಲ ಮಾಡಿಕೊಟ್ಟದ್ದರಿಂದ ಉಳಿದುಕೊಂಡಿತು. ಅವರ ಪಾಲುದಾರ ಜೂನಿಯಸ್ ಮಾರ್ಗನ್ ಮುಂದೆ 1864ರಲ್ಲಿ ಆ ವ್ಯವಹಾರವನ್ನು ತಮ್ಮ ಹೆಸರಿಗೆ ಬದಲಿಸಿಕೊಂಡು ನಡೆಸಿದರು. ಜೂನಿಯಸ್ ಅವರ ಮಗನೇ ಪ್ರಸಿದ್ಧ ಜೆ. ಪಿ. ಮಾರ್ಗನ್. ಆ ಹೆಸರಿನ ಬ್ಯಾಂಕಿನ ದೊಡ್ಡ ಕಚೇರಿಗಳು ಇಂದು ಬೆಂಗಳೂರಿನಲ್ಲೂ ಇವೆ. ನನ್ನಂಥ ಎಂಜಿನಿಯರುಗಳು ಸಾವಿರಾರು ಮಂದಿ ಅಲ್ಲಿ ಕೆಲಸ ಮಾಡುತ್ತಾರೆ. ಆ ವಂಶವೃಕ್ಷದ ಬೇರಿನಲ್ಲಿ ಒಬ್ಬ ದಿನಸಿ ಅಂಗಡಿಯ ಹುಡುಗನಿದ್ದಾನೆ ಎಂಬುದು ಎಷ್ಟು ಜನಕ್ಕೆ ಗೊತ್ತೋ!

ಪೀಬಡಿಯವರು ಮದುವೆಯಾಗಲಿಲ್ಲ. ಸ್ವಂತ ಮನೆ, ಗಾಡಿ, ಆಡಂಬರ ಯಾವುದೂ ಇಟ್ಟುಕೊಳ್ಳಲಿಲ್ಲ. ತಮ್ಮ ಮೇಲೆ ಖರ್ಚು ಮಾಡುವುದರಲ್ಲಿ ಅವರದು ಜಿಪುಣತನ ಎನ್ನುವಷ್ಟು ಬಿಗಿ ಕೈ.

ಲಂಡನ್ನಿನ ಕೇರಿಗಳು

ಆ ಕಾಲದ ಲಂಡನ್ ಜಗತ್ತಿನ ಅತಿ ಶ್ರೀಮಂತ ನಗರ. 1801ರಲ್ಲಿ ಸುಮಾರು 10 ಲಕ್ಷವಿದ್ದ ಜನಸಂಖ್ಯೆ 1861ರ ಹೊತ್ತಿಗೆ 28 ಲಕ್ಷಕ್ಕೆ ಏರಿತ್ತು. ಹೊಟ್ಟೆಪಾಡಿಗೆ ಹಳ್ಳಿಗಳಿಂದ, ಐರ್ಲೆಂಡಿನಿಂದ ಬಂದ ಜನ ಹಳೆಯ ಮನೆಗಳಲ್ಲಿ ಕೋಣೆಗೊಂದು ಸಂಸಾರದಂತೆ ತುಂಬಿಕೊಂಡರು. ಒಂದೇ ಕೋಣೆಯಲ್ಲಿ ಎರಡು ಸಂಸಾರವಿದ್ದುದೂ ಉಂಟು. ಇಡೀ ಬೀದಿಗೆ ಒಂದು ನಲ್ಲಿ, ಅದರಲ್ಲೂ ದಿನಕ್ಕೆ ಸ್ವಲ್ಪ ಹೊತ್ತು ಮಾತ್ರ ನೀರು. ಪಾಯಿಖಾನೆಯ ಗುಂಡಿ ಕುಡಿಯುವ ನೀರಿನ ಬಾವಿಯ ಪಕ್ಕದಲ್ಲೇ. ರೈಲು ಹಳಿ ಹಾಕಲು, ರಸ್ತೆ ಅಗಲ ಮಾಡಲು ಸಾವಿರಾರು ಮನೆಗಳನ್ನು ಕೆಡವಿದರು. ಅಲ್ಲಿದ್ದವರು ಬೇರೆಡೆ ಹೋಗಲಿಲ್ಲ. ಕೂಲಿ ಸಿಗುವುದು ಅಲ್ಲೇ ಆದ್ದರಿಂದ ಪಕ್ಕದ ಕೇರಿಗೆ ನುಗ್ಗಿದರು. ಮೊದಲೇ ತುಂಬಿದ್ದ ಕೇರಿ ಇನ್ನಷ್ಟು ತುಂಬಿತು.

ಇದರ ಫಲ ಕಾಲರಾ. 1848-49ರಲ್ಲಿ ಲಂಡನ್ ಒಂದರಲ್ಲೇ 14,000ಕ್ಕೂ ಹೆಚ್ಚು ಜನ ಸತ್ತರು. 1854ರಲ್ಲಿ ಅದು ಮತ್ತೆ ಬಂತು. ಕಾಲರಾ ನೀರಿನಿಂದ ಹರಡುತ್ತದೆ ಎಂದು ಡಾಕ್ಟರ್ ಜಾನ್ ಸ್ನೋ ಬ್ರಾಡ್ ಸ್ಟ್ರೀಟಿನ ಪಂಪಿನ ಸುತ್ತ ಸತ್ತವರ ಲೆಕ್ಕ ಹಾಕಿ ತೋರಿಸಿದ್ದು ಆ ವರ್ಷವೇ. ಕಾಯಿಲೆಯ ಬೇರು ಬಡವರ ನಡತೆಯಲ್ಲಿಲ್ಲ, ಅವರಿಗೆ ಸಿಗುವ ನೀರಿನಲ್ಲಿ ಮತ್ತು ಮನೆಯಲ್ಲಿದೆ ಎಂಬ ತಿಳಿವಳಿಕೆ ಮೆಲ್ಲಗೆ ಮೂಡತೊಡಗಿತು.

ದಾನದ ನಿರ್ಧಾರ

ತಮಗೆ ಅನ್ನ ಕೊಟ್ಟ ನಗರಕ್ಕೆ ಏನಾದರೂ ಮಾಡಬೇಕೆಂಬ ಆಸೆ ಪೀಬಡಿಯವರಿಗೆ ಬಹಳ ದಿನಗಳಿಂದ ಇತ್ತು. ಏನು ಮಾಡಬೇಕೆಂಬುದು ಸ್ಪಷ್ಟವಿರಲಿಲ್ಲ. ಊರ ತುಂಬ ಕುಡಿಯುವ ನೀರಿನ ಕಾರಂಜಿಗಳನ್ನು ಕಟ್ಟಿಸಬೇಕು ಎಂಬುದು ಮೊದಲ ಯೋಚನೆ. ಆಮೇಲೆ ಬಡಮಕ್ಕಳ ಶಾಲೆಗಳಿಗೆ ಕೊಡೋಣವೆಂದುಕೊಂಡರು. ಆ ಶಾಲೆಗಳ ಹಿಂದೆ ನಿಂತು ದುಡಿಯುತ್ತಿದ್ದ ಲಾರ್ಡ್ ಷಾಫ್ಟ್ಸ್‌ಬರಿಯವರ ಅಭಿಪ್ರಾಯ ಕೇಳಿಸಿದರು. ಷಾಫ್ಟ್ಸ್‌ಬರಿ ತಮ್ಮ ಶಾಲೆಗಳಿಗೇ ಕೊಡಿ ಎನ್ನಬಹುದಿತ್ತು. ಅವರು ಹೇಳಿದ್ದು, ಬಡವರಿಗೆ ಎಲ್ಲಕ್ಕಿಂತ ಮೊದಲು ಬೇಕಾದದ್ದು ಮನೆ ಎಂದು. ಪೀಬಡಿಯವರು ತಮ್ಮ ಯೋಚನೆ ಬದಲಿಸಿದರು. ಕೊಡುವ ಮುಂಚೆ ಕೆಲಸ ಬಲ್ಲವರನ್ನು ಕೇಳಿದ ದೊಡ್ಡ ಗುಣ ಇದು.

ಅಷ್ಟರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯಿತು. 1861ರ ಕೊನೆಯಲ್ಲಿ ಒಂದು ಹಡಗಿನ ವಿಷಯಕ್ಕೆ ಬ್ರಿಟನ್ನಿಗೂ ಅಮೆರಿಕಕ್ಕೂ ಯುದ್ಧವೇ ಆಗಿಬಿಡುವಂತಿತ್ತು. ಆ ಬಿಸಿ ಆರಿದ ಮೇಲೆ, 1862ರ ಮಾರ್ಚ್‌ನಲ್ಲಿ, ಪೀಬಡಿಯವರು ತಮ್ಮ ದಾನವನ್ನು ಪ್ರಕಟಿಸಿದರು. ಮೊತ್ತ 1,50,000 ಪೌಂಡು. ಆಮೇಲೆ ಕೊಟ್ಟದ್ದು, ಉಯಿಲಿನಲ್ಲಿ ಬಿಟ್ಟದ್ದು ಎಲ್ಲ ಸೇರಿ ಒಟ್ಟು 5 ಲಕ್ಷ ಪೌಂಡು. ಆ ಕಾಲಕ್ಕೆ ಯಾರೂ ಕೇಳಿರದ ಮೊತ್ತ. ಕಾರ್ನೆಗಿ, ರಾಕ್‌ಫೆಲರ್ ಅವರಂಥ ಮಹಾದಾನಿಗಳ ಹೆಸರು ಕೇಳಿಬಂದದ್ದು ಇದಾಗಿ ಹಲವು ದಶಕಗಳ ಮೇಲೆ.

ಮೊತ್ತಕ್ಕಿಂತ ಅದರ ಏರ್ಪಾಡು ಮುಖ್ಯ. ಹಣವನ್ನು ಹಂಚಿ ಮುಗಿಸುವಂತಿರಲಿಲ್ಲ. ಧರ್ಮದರ್ಶಿಗಳು ಜಾಗ ಕೊಂಡು ಮನೆ ಕಟ್ಟಬೇಕು. ದುಡಿಯುವ ಬಡವರಿಗೆ ಕಡಿಮೆ ಬಾಡಿಗೆಗೆ ಕೊಡಬೇಕು. ಖರ್ಚು ಕಳೆದು ಉಳಿದ ಬಾಡಿಗೆ ಹಣದಿಂದ ಮತ್ತೆ ಮನೆ ಕಟ್ಟಬೇಕು. ಹೀಗೆ ನಿಧಿ ತಾನೇ ಬೆಳೆಯುತ್ತ ಹೋಗಬೇಕು. ಇನ್ನೊಂದು ಕರಾರು, ಮನೆ ಕೊಡುವಾಗ ಯಾರ ಧರ್ಮವನ್ನೂ ರಾಜಕೀಯವನ್ನೂ ನೋಡಬಾರದು. ಕ್ಯಾಥಲಿಕರು, ಪ್ರಾಟೆಸ್ಟಂಟರು, ಯಹೂದಿಗಳು ಬೇರೆ ಬೇರೆ ಸಾಲಿನಲ್ಲಿ ನಿಲ್ಲುತ್ತಿದ್ದ ಆ ಕಾಲದಲ್ಲಿ ಇದು ಸಣ್ಣ ಮಾತಲ್ಲ.

ಸಾಫ್ಟ್‌ವೇರ್ ಕೆಲಸದವರಿಗೆ ಇದು ಬೇಗ ಅರ್ಥವಾಗುತ್ತದೆ. ಪ್ರೋಗ್ರಾಂ ಬರೆದು ಮುಗಿಸುವುದು ಒಂದು ಕೆಲಸ. ಬರೆದವನು ಕಂಪನಿ ಬಿಟ್ಟುಹೋದ ಮೇಲೂ ಅದು ಹತ್ತು ವರ್ಷ ನಡೆಯುವಂತೆ ಕಟ್ಟುವುದು ಇನ್ನೊಂದು ಕೆಲಸ. ಎರಡನೆಯದಕ್ಕೆ ಚಪ್ಪಾಳೆ ಕಡಿಮೆ, ಬೆಲೆ ಹೆಚ್ಚು.

ಮೊದಲ ಕಟ್ಟಡಗಳು

ಮೊದಲ ಕಟ್ಟಡ 1864ರಲ್ಲಿ ಪೂರ್ವ ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್‌ನ ಕಮರ್ಷಿಯಲ್ ಸ್ಟ್ರೀಟಿನಲ್ಲಿ ತೆರೆಯಿತು. ಹೆನ್ರಿ ಡಾರ್ಬಿಷೈರ್ ಎಂಬ ವಾಸ್ತುಶಿಲ್ಪಿಯ ರಚನೆ. ಬಡಸಂಸಾರಗಳಿಗೆ 57 ಮನೆಗಳು, ಬೀದಿಯ ಕಡೆ 9 ಅಂಗಡಿಗಳು. ಎರಡು ಮನೆಗೊಂದು ಪಾಯಿಖಾನೆ. ಸ್ನಾನಕ್ಕೂ ಬಟ್ಟೆ ಒಗೆಯುವುದಕ್ಕೂ ಮೇಲಿನ ಮಹಡಿಯಲ್ಲಿ ಎಲ್ಲರಿಗೂ ಸೇರಿದ ಜಾಗ. ಆ ಕಟ್ಟಡ ಈಗ ಬೇರೆಯವರ ಕೈಗೆ ಹೋಗಿದ್ದರೂ ಗಟ್ಟಿಯಾಗಿ ನಿಂತಿದೆ.

ಮುಂದಿನದು ಇಸ್ಲಿಂಗ್ಟನ್‌ನಲ್ಲಿ, 155 ಮನೆಗಳು. ಮಧ್ಯೆ ಮಕ್ಕಳಿಗೆ ಆಡಲು ವಿಶಾಲವಾದ ಅಂಗಳ, ಅದರ ಸುತ್ತ ಹಳದಿ ಇಟ್ಟಿಗೆಯ ಐದು ಅಂತಸ್ತಿನ ಕಟ್ಟಡಗಳು. ನಮ್ಮ ವಠಾರಗಳನ್ನು ನೋಡಿದವರಿಗೆ ಈ ಚಿತ್ರ ಸುಲಭವಾಗಿ ಕಣ್ಣಿಗೆ ಬರುತ್ತದೆ. ನಲ್ಲಿ, ಪಾಯಿಖಾನೆ ಹಂಚಿಕೆ, ಅಂಗಳ ಎಲ್ಲರದು. ಗಾಳಿ ಬೆಳಕು ಒಳಗೆ ಬರಬೇಕು, ಕೊಳಚೆ ಹೊರಗೆ ಹೋಗಬೇಕು ಎಂಬುದೇ ಎಲ್ಲದರ ಹಿಂದಿನ ಲೆಕ್ಕಾಚಾರ. ಒಂದು ಕೋಣೆಗೆ ವಾರಕ್ಕೆ ಸುಮಾರು ಎರಡೂವರೆ ಷಿಲಿಂಗ್ ಬಾಡಿಗೆ, ಮೂರು ಕೋಣೆಗೆ ಸುಮಾರು 5 ಷಿಲಿಂಗ್. ಷಾಡ್‌ವೆಲ್, ವೆಸ್ಟ್‌ಮಿನ್‌ಸ್ಟರ್, ಚೆಲ್ಸಿಗಳಲ್ಲೂ ಇದೇ ಮಾದರಿ ಎದ್ದಿತು. 1882ರ ಹೊತ್ತಿಗೆ ಟ್ರಸ್ಟಿನ 3,500 ಮನೆಗಳಲ್ಲಿ 14,600ಕ್ಕೂ ಹೆಚ್ಚು ಜನ ವಾಸವಾಗಿದ್ದರು.

ಯಾರು ಹೊರಗುಳಿದರು?

ದೊಡ್ಡವರ ಜೀವನ ಬರೆಯುವಾಗ ಒಳ್ಳೆಯದನ್ನಷ್ಟೇ ಬರೆದು ಮುಗಿಸುವುದು ಸುಲಭ. ಆದರೆ ಈ ಕತೆಗೆ ಇನ್ನೊಂದು ಮುಖವಿದೆ.

ಪೀಬಡಿ ಮನೆಗಳಲ್ಲಿ ಬಾಡಿಗೆಯನ್ನು ಪ್ರತಿ ವಾರ ಮುಂಗಡವಾಗಿ ಕಟ್ಟಬೇಕಿತ್ತು, ಬಾಕಿ ಇಡುವಂತಿರಲಿಲ್ಲ. ರಾತ್ರಿ 11 ಗಂಟೆಗೆ ಹೊರಬಾಗಿಲು ಬಂದ್. ಮನೆಯವರಿಗೆಲ್ಲ ಸಿಡುಬಿನ ಲಸಿಕೆ ಆಗಿರಬೇಕು. ಮನೆಯಲ್ಲಿ ಕೂತು ಮಾಡುವ ಕೆಲವು ಕಸುಬುಗಳಿಗೆ ಅವಕಾಶವಿಲ್ಲ. ಸಂಬಳ ನಿಯಮಿತವಾಗಿ ಬರುವ ಪೊಲೀಸ್, ಅಂಚೆಯವನು, ಮುದ್ರಣಾಲಯದ ಕೆಲಸಗಾರ ಇಂಥವರಿಗೆ ಇವು ಕಷ್ಟದ ನಿಯಮಗಳಲ್ಲ. ಆದರೆ ಬಂದರಿನಲ್ಲಿ ದಿನಗೂಲಿ ಮಾಡುವವನು ಇಂದು ಕೆಲಸ ಸಿಕ್ಕರೆ ಉಂಟು, ನಾಳೆ ಇಲ್ಲ. ಮನೆಯಲ್ಲಿ ಕೂತು ಬೆಂಕಿಪೊಟ್ಟಣ ಅಂಟಿಸಿ, ಊರವರ ಬಟ್ಟೆ ಒಗೆದು ಮಕ್ಕಳನ್ನು ಸಾಕುವ ವಿಧವೆ ಮುಂಗಡ ಬಾಡಿಗೆ ಎಲ್ಲಿಂದ ತಂದಾಳು? ಹೀಗೆ ಬಡವರಲ್ಲೂ ಕಡುಬಡವರು ಹೊರಗೇ ಉಳಿದರು.

1875ರಲ್ಲಿ ಬಂದ ಹೊಸ ಕಾನೂನಿನ ಪ್ರಕಾರ ನಗರಾಡಳಿತ ಕೊಳೆಗೇರಿಗಳನ್ನು ಕೆಡವಿ, ಆ ಜಾಗವನ್ನು ಪೀಬಡಿ ಟ್ರಸ್ಟಿನಂಥ ಸಂಸ್ಥೆಗಳಿಗೆ ನಷ್ಟಕ್ಕೆ ಮಾರಿತು. ಅಲ್ಲಿ ಒಳ್ಳೆಯ ಮನೆಗಳು ಎದ್ದವು, ಬೀದಿ ಸ್ವಚ್ಛವಾಯಿತು. ಆದರೆ ಮೊದಲು ಅಲ್ಲಿದ್ದ ಗುಡಿಸಲಿನವರಿಗೆ ಹೊಸ ಮನೆಯ ಬಾಡಿಗೆ ಕೊಡುವ ಶಕ್ತಿ ಇರಲಿಲ್ಲ. ಅವರು ಗಂಟುಮೂಟೆ ಕಟ್ಟಿಕೊಂಡು ಇನ್ನೊಂದು ಕೊಳೆಗೇರಿಗೆ ಹೋದರು. ಬೀದಿ ಉದ್ಧಾರವಾಯಿತು, ಬೀದಿಯಲ್ಲಿದ್ದವರು ಆಗಲಿಲ್ಲ. ಇಂದು ನಮ್ಮ ನಗರಗಳಲ್ಲಿ ಸ್ಲಂ ತೆರವು ನಡೆಯುವಾಗಲೂ ಕೇಳಲೇಬೇಕಾದ ಪ್ರಶ್ನೆ ಇದು.

ಅದೇ ಲಂಡನ್ನಿನಲ್ಲಿ 1865ರಲ್ಲಿ ಆಕ್ಟೇವಿಯಾ ಹಿಲ್ ಎಂಬ ಮಹಿಳೆ ಬೇರೆ ದಾರಿ ಹಿಡಿದರು. ಜಾನ್ ರಸ್ಕಿನ್ ಅವರ ಹಣದಲ್ಲಿ ಮೂರು ಹಳೆಯ ಮನೆಗಳನ್ನು ಕೊಂಡು, ಕೆಡವದೆ ರಿಪೇರಿ ಮಾಡಿಸಿದರು. ವಾರವಾರ ಬಾಡಿಗೆ ವಸೂಲಿಗೆ ಹೋಗಿ ಪ್ರತಿ ಸಂಸಾರದ ಕಷ್ಟಸುಖ ತಿಳಿದುಕೊಂಡರು. ಇದರಲ್ಲಿ ಜನರ ಪರಿಚಯ ಹೆಚ್ಚು, ಮನೆಗಳ ಸಂಖ್ಯೆ ಕಡಿಮೆ. ಪೀಬಡಿಯವರ ದಾರಿಯಲ್ಲಿ ಮನೆಗಳು ಹೆಚ್ಚು, ಪರಿಚಯ ಕಡಿಮೆ. ನಗರಕ್ಕೆ ಎರಡೂ ಬೇಕಾಗಿದ್ದವು.

ಇಷ್ಟೆಲ್ಲ ಆದರೂ ಒಂದು ಮಾತು ನಿಜ. ಪೀಬಡಿ ನಿಧಿ ಅಲ್ಲಿಗೇ ನಿಲ್ಲಲಿಲ್ಲ. ಹಂಚಿ ಮುಗಿಸಿದ ದಾನವಾಗಿದ್ದರೆ ಅದರ ತಪ್ಪುಗಳನ್ನು ತಿದ್ದಲು ಯಾರೂ ಉಳಿಯುತ್ತಿರಲಿಲ್ಲ. ಉಳಿದು ಬೆಳೆದದ್ದರಿಂದಲೇ ಕಾಲಕಾಲಕ್ಕೆ ನಿಯಮ ಬದಲಾದವು. ಪ್ರತಿ ಮನೆಗೂ ಅದರದೇ ನಲ್ಲಿ, ಪಾಯಿಖಾನೆ ಬಂದವು. ಪೀಬಡಿ ಹೆಸರಿನ ಆ ಸಂಸ್ಥೆಯ ಕೈಯಲ್ಲಿ ಇಂದು ಲಂಡನ್ ಮತ್ತು ಸುತ್ತಮುತ್ತ ಒಂದು ಲಕ್ಷಕ್ಕೂ ಹೆಚ್ಚು ಮನೆಗಳಿವೆ.

ಓದಿನ ಋಣ

ಹುಟ್ಟೂರನ್ನೂ ಪೀಬಡಿಯವರು ಮರೆಯಲಿಲ್ಲ. 1852ರಲ್ಲಿ ಊರಿನ ಉತ್ಸವಕ್ಕೆ ಆಹ್ವಾನ ಬಂದಾಗ ತಾವು ಬರಲಾಗದೆ, ಗ್ರಂಥಾಲಯ ಮತ್ತು ಉಪನ್ಯಾಸಗಳಿಗಾಗಿ 20,000 ಡಾಲರ್ ಕಳಿಸಿದರು. ಓದಿಸುವುದು ಮುಂದಿನವರಿಗೆ ನಾವು ತೀರಿಸಬೇಕಾದ ಋಣ ಎಂಬುದು ಅವರ ನಂಬಿಕೆ. 1868ರಲ್ಲಿ ಊರಿನವರು ಊರಿಗೇ ಪೀಬಡಿ ಎಂದು ಹೆಸರಿಟ್ಟರು.

ಅಂತರ್ಯುದ್ಧದಲ್ಲಿ ನೆಲಕಚ್ಚಿದ್ದ ಅಮೆರಿಕದ ದಕ್ಷಿಣ ರಾಜ್ಯಗಳ ಶಾಲೆಗಳಿಗೆ 1867ರಲ್ಲಿ ಅವರು ಇನ್ನೊಂದು ದೊಡ್ಡ ನಿಧಿ ಇಟ್ಟರು. ಊರಿನವರು ತೆರಿಗೆ ಹಾಕಿಕೊಂಡು ತಮ್ಮ ಪಾಲು ಸೇರಿಸಿದರೆ ಮಾತ್ರ ಆ ನಿಧಿಯಿಂದ ಹಣ ಬರುತ್ತಿತ್ತು. ಹೀಗಾಗಿ ಎಷ್ಟೋ ಊರುಗಳಲ್ಲಿ ಸರ್ಕಾರಿ ಶಾಲೆಗಳು ನೆಲೆಯೂರಿದವು. ಆದರೆ ಆ ನಿಧಿಯನ್ನು ನಡೆಸಿದವರು ಕರಿಯರ ಶಾಲೆಗಳಿಗೆ ಬಿಳಿಯರ ಶಾಲೆಗಳಿಗಿಂತ ಕಡಿಮೆ ಕೊಟ್ಟರು. ದಾನಪತ್ರ ಎಷ್ಟು ಚೆನ್ನಾಗಿದ್ದರೂ ಹಂಚುವ ಕೈಯ ಮೇಲೆ ಕಣ್ಣಿಡಬೇಕು ಎಂಬುದಕ್ಕೆ ಇದು ಸಾಕ್ಷಿ.

ಕೊನೆಯ ಪ್ರಯಾಣ

ವಿಕ್ಟೋರಿಯಾ ರಾಣಿ ಪೀಬಡಿಯವರಿಗೆ ಬಿರುದು ಕೊಡಲು ಮುಂದಾದರು. ಅವರು ವಿನಯದಿಂದ ಬೇಡವೆಂದರು. ಬಿರುದಿನ ಬದಲಿಗೆ ರಾಣಿ ತಮ್ಮದೇ ಚಿಕ್ಕ ಭಾವಚಿತ್ರವೊಂದನ್ನು ಬರೆಸಿ ಕೊಟ್ಟರು. 1869ರ ಜುಲೈಯಲ್ಲಿ ಲಂಡನ್ನಿನ ರಾಯಲ್ ಎಕ್ಸ್‌ಚೇಂಜ್ ಪಕ್ಕದಲ್ಲಿ ಅವರ ಪ್ರತಿಮೆ ಅನಾವರಣವಾಯಿತು. ಕುರ್ಚಿಯಲ್ಲಿ ಕುಳಿತ ಆ ಕಂಚಿನ ಪ್ರತಿಮೆ ಇಂದಿಗೂ ಅಲ್ಲಿದೆ. ಅದೇ ವರ್ಷ ನವೆಂಬರ್ 4ರಂದು ಲಂಡನ್ನಿನಲ್ಲಿ, ಸ್ನೇಹಿತರೊಬ್ಬರ ಮನೆಯಲ್ಲಿ, ಅವರು ಕೊನೆಯುಸಿರೆಳೆದರು.

ಇಂಗ್ಲೆಂಡಿನ ರಾಜರು, ಕವಿಗಳು ಮಲಗಿರುವ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಅವರ ಅಂತ್ಯವಿಧಿ ನಡೆಯಿತು. ಹುಟ್ಟೂರಿನಲ್ಲೇ ಮಣ್ಣಾಗಬೇಕೆಂಬುದು ಅವರ ಇಚ್ಛೆ. ಆದ್ದರಿಂದ ಬ್ರಿಟಿಷ್ ಸರ್ಕಾರ ತನ್ನ ಹೊಸ ಯುದ್ಧನೌಕೆ ಮೊನಾರ್ಕ್‌ನಲ್ಲಿ ಅವರ ದೇಹವನ್ನು ಅಟ್ಲಾಂಟಿಕ್ ದಾಟಿಸಿತು. ಅಮೆರಿಕದ ಯುದ್ಧನೌಕೆಯೊಂದು ಕಾವಲಿಗೆ ಜೊತೆಯಾಯಿತು. ಎಂಟು ವರ್ಷದ ಹಿಂದೆ ಯುದ್ಧಕ್ಕೆ ನಿಂತಿದ್ದ ಎರಡು ದೇಶಗಳ ಹಡಗುಗಳು ಒಬ್ಬ ಮಾಜಿ ಅಂಗಡಿ ಹುಡುಗನಿಗಾಗಿ ಜೊತೆಯಲ್ಲಿ ಸಾಗಿದವು. 1870ರ ಫೆಬ್ರವರಿ 8ರಂದು ಹುಟ್ಟೂರಿನ ಪಕ್ಕದ ಸೇಲಂನಲ್ಲಿ ಅವರನ್ನು ಮಣ್ಣು ಮಾಡಿದರು.

ನಮ್ಮ ಶಾಲೆಗೆ

ಆತ್ಮೀಯ ಹಳೆಯ ವಿದ್ಯಾರ್ಥಿ ಮಿತ್ರರೇ, ಈ ಮಹೋತ್ಸವಕ್ಕೆ ನಾವೆಲ್ಲ ಕೈಲಾದಷ್ಟು ಕೊಡುತ್ತೇವೆ. ಬಣ್ಣ, ಬೆಂಚು, ಕಂಪ್ಯೂಟರು ಬರುತ್ತವೆ. ಮೂರು ವರ್ಷದ ಮೇಲೆ ಕಂಪ್ಯೂಟರು ಕೆಟ್ಟರೆ, ಹೆಣ್ಣುಮಕ್ಕಳ ಶೌಚಾಲಯದ ನಲ್ಲಿ ಮುರಿದರೆ ರಿಪೇರಿಗೆ ಹಣ ಎಲ್ಲಿದೆ? ಬಂದ ಹಣದಲ್ಲಿ ಒಂದು ಪಾಲನ್ನಾದರೂ ಖರ್ಚು ಮಾಡದೆ ಮೂಲನಿಧಿಯಾಗಿ ಠೇವಣಿ ಇಟ್ಟು, ಅದರ ಬಡ್ಡಿಯನ್ನು ಮಾತ್ರ ಬಳಸೋಣ. ನಾವು ಒಂದು ರೂಪಾಯಿ ಹಾಕಿದರೆ ಊರಿನವರೂ ತಮ್ಮ ಪಾಲು ಸೇರಿಸಲಿ. ಲೆಕ್ಕವನ್ನು ಮುಖ್ಯೋಪಾಧ್ಯಾಯರು, ಎಸ್.ಡಿ.ಎಂ.ಸಿ. ಮತ್ತು ಹಳೆಯ ವಿದ್ಯಾರ್ಥಿಗಳು ಸೇರಿ ವರ್ಷಕ್ಕೊಮ್ಮೆ ಎಲ್ಲರ ಮುಂದೆ ಓದಲಿ.

ಜೊತೆಗೆ ಲಂಡನ್ನಿನ ದಿನಗೂಲಿಯವನನ್ನೂ ಆ ವಿಧವೆಯನ್ನೂ ನೆನಪಿಡೋಣ. ಅರ್ಜಿ ಬರೆದುಕೊಂಡು ಬರುವ ಮಗುವಿಗೆ ಸಹಾಯ ಸಿಗುತ್ತದೆ. ಅರ್ಜಿ ಬರೆಯಲು ಮನೆಯಲ್ಲಿ ಯಾರೂ ಇಲ್ಲದ ಮಗು, ಸುಗ್ಗಿಯ ತಿಂಗಳಲ್ಲಿ ಕೂಲಿಗೆ ಹೋಗಿ ಹಾಜರಾತಿ ಕಳೆದುಕೊಳ್ಳುವ ಮಗು ನಮ್ಮ ನಿಯಮಗಳಿಂದಲೇ ಹೊರಗುಳಿಯದಂತೆ ನೋಡಿಕೊಳ್ಳಬೇಕು.

ಹನ್ನೊಂದಕ್ಕೆ ಶಾಲೆ ಬಿಟ್ಟ ಹುಡುಗ ಇಟ್ಟ ನಿಧಿ 160 ವರ್ಷ ಬಾಳಿದೆ. ಹತ್ತನೆಯ ತರಗತಿಯವರೆಗೆ ನಮ್ಮನ್ನು ಕೈಹಿಡಿದು ನಡೆಸಿದ ಶಾಲೆಗೆ ನಾವು ಇಡುವ ನಿಧಿ ಶತಮಾನೋತ್ಸವದವರೆಗಾದರೂ ಬಾಳಲಿ. ಆ ದಿನ ಈ ಶಾಲೆಯಲ್ಲಿ ಕೂತಿರುವ ಮಕ್ಕಳಿಗೆ ನಮ್ಮ ಹೆಸರು ಗೊತ್ತಿರಬೇಕಾಗಿಲ್ಲ. ನಲ್ಲಿಯಲ್ಲಿ ನೀರು ಬರುತ್ತಿದ್ದರೆ ಸಾಕು.